ಅದೇ ಮಣ್ಣು, ಅದೇ ಮಳೆ. ನಮ್ಮ ಹೊಲದಲ್ಲಿ ಮಾತ್ರ ನೀರು ಯಾಕೆ ಇಂಗುವುದಿಲ್ಲ?

ಪ್ರಶ್ನೆ: ನಮ್ಮ ಹೊಲದ ಮಣ್ಣಿನಲ್ಲಿ ಜೇಡಿ ಅಂಶ ಜಾಸ್ತಿ. ಜೋರು ಮಳೆ ಬಂದರೆ ಸ್ವಲ್ಪ ಹೊತ್ತಿಗೇ ಕದಡಿದ ನೀರು ಬದು ದಾಟಿ ಹರಿಯುತ್ತದೆ. ಪಕ್ಕದ ಮರದ ತೋಪಿನಲ್ಲೂ ಇದೇ ಮಣ್ಣು, ಆದರೆ ಅಲ್ಲಿಂದ ನೀರು ಹೊರಗೆ ಬರುವುದು ಅಪರೂಪ. ನೀರು ಇಂಗುವುದು ಮಣ್ಣಿನ ಜಾತಿಯ ಮೇಲೆ ಅಲ್ವಾ?

ಉತ್ತರ: ಅರ್ಧ ಮಾತ್ರ ಹೌದು. ಉಳಿದರ್ಧ ಆ ನೆಲವನ್ನು ನಾವು ಹೇಗೆ ಬಳಸುತ್ತೇವೆ ಅನ್ನುವುದರ ಮೇಲಿದೆ. ನಿಮ್ಮ ಹೊಲ ಮತ್ತು ತೋಪಿನ ವಿಷಯದಲ್ಲಿ ಈ ಎರಡನೇ ಅರ್ಧವೇ ದೊಡ್ಡದು.

ಮೊದಲು ಮಣ್ಣಿನ ಜಾತಿ. ಮರಳಿನ ಕಣ 0.05ರಿಂದ 2 ಮಿ.ಮೀ. ಇರುತ್ತದೆ. ಜೇಡಿಯ ಕಣ 0.002 ಮಿ.ಮೀ.ಗಿಂತಲೂ ಚಿಕ್ಕದು. ಜೇಡಿಯಲ್ಲಿ ನೀರಿಗೆ ಜಾಗವೇ ಇಲ್ಲ ಅಂತ ತುಂಬ ಜನ ತಿಳಿದಿದ್ದಾರೆ. ನಿಜ ಅಂದರೆ ಒಟ್ಟು ಖಾಲಿ ಜಾಗ ಜೇಡಿಯಲ್ಲೇ ಸಾಮಾನ್ಯವಾಗಿ ಜಾಸ್ತಿ. ಆದರೆ ಅಲ್ಲಿನ ಸಂದುಗಳು ತೀರಾ ಸಣ್ಣವು. ಸಂದಿನ ಅಗಲ ಎರಡರಷ್ಟಾದರೆ, ಅದೇ ಒತ್ತಡದಲ್ಲಿ ಕೊಳವೆಯಂಥ ಸಂದಿನ ಮೂಲಕ ಹರಿಯುವ ನೀರು 16 ಪಟ್ಟಾಗುತ್ತದೆ. ಹಾಗಾಗಿ ಎಷ್ಟು ಜಾಗ ಇದೆ ಅನ್ನುವುದಕ್ಕಿಂತ ತೂತು ಎಷ್ಟು ದೊಡ್ಡದು ಅನ್ನುವುದೇ ಮುಖ್ಯ. ಚೆನ್ನಾಗಿ ನೆನೆದ ಮೇಲೆ ಮರಳು ಮಣ್ಣು ಗಂಟೆಗೆ 30 ಮಿ.ಮೀ. ಅಥವಾ ಅದಕ್ಕಿಂತ ಜಾಸ್ತಿ ನೀರು ಕುಡಿಯುತ್ತದೆ. ಮರಳು, ಜೇಡಿ ಎರಡೂ ಬೆರೆತ ಗೋಡು ಮಣ್ಣು 10ರಿಂದ 20, ಜೇಡಿ ಬರೀ 1ರಿಂದ 5 ಮಿ.ಮೀ. ಎರೆ ಮಣ್ಣಿನದು, ಅಂದರೆ ಕಪ್ಪು ಜೇಡಿ ಮಣ್ಣಿನದು ಇನ್ನೊಂದು ರೀತಿ. ಬೇಸಿಗೆಯ ಬಿರುಕುಗಳು ಮೊದಲ ಮಳೆಯನ್ನು ಗಟಗಟನೆ ನುಂಗುತ್ತವೆ. ಆಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ, ಮುಂದಿನ ಮಳೆ ಮೇಲೆಯೇ ನಿಲ್ಲುತ್ತದೆ.

ಈಗ ನಿಮ್ಮ ಹೊಲಕ್ಕೆ ಬರೋಣ. ಬೋಳು ನೆಲದ ಮೇಲೆ ದಪ್ಪ ಹನಿ ಬಿದ್ದಾಗ ಕಣಗಳು ಅಂಟಿಕೊಂಡು ಆದ ಮಣ್ಣಿನ ಹರಳು ಒಡೆಯುತ್ತದೆ. ಒಡೆದ ನುಣ್ಣನೆ ಪುಡಿ ಪಕ್ಕದ ಸಂದುಗಳಿಗೆ ಸೇರಿಕೊಂಡು ಬಾಯಿ ಮುಚ್ಚುತ್ತದೆ. ಒಣಗಿದ ಮೇಲೆ ಅದೇ ಹಕ್ಕಳೆಯಾಗುತ್ತದೆ. ಮುಂದಿನ ಸಲ ಬಿರುಸು ಮಳೆ ನಿಂತ ಕೂಡಲೇ ಹೊಲಕ್ಕೆ ಹೋಗಿ ಆ ತೆಳು ಪದರವನ್ನು ಉಗುರಿನಿಂದ ಕೆರೆದು ನೋಡಿ. ಮೇಲೆ ಕೆಸರು ಮೆತ್ತಿದ್ದರೂ ಕೆಲವೇ ಬೆರಳು ಕೆಳಗೆ ಮಣ್ಣು ಒಣಗಿಯೇ ಇರುವುದು ಎಷ್ಟೋ ಸಲ ಕಾಣುತ್ತದೆ. ಅಷ್ಟು ಮಳೆ ಬಂದೂ ಬೇರಿಗೆ ಸಿಗಲಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ.

ತೋಪಿನಲ್ಲಿ ಹನಿಯ ಏಟನ್ನು ತರಗೆಲೆ ತಿನ್ನುತ್ತದೆ. ಕೆಳಗೆ ಸತ್ತ ಬೇರುಗಳು ಕೊಳೆತು ಕೊಳವೆಗಳಾಗಿರುತ್ತವೆ. ಎರೆಹುಳುಗಳು ಮಾಡಿದ ದಾರಿಗಳಿರುತ್ತವೆ. ಮರಳು ಮಣ್ಣಿಗೆ ಇವು ಇದ್ದರೂ ಸರಿ, ಇಲ್ಲದಿದ್ದರೂ ನಡೆಯುತ್ತದೆ. ಜೇಡಿ ಮಣ್ಣಿಗೆ ಇವೇ ಜೀವ. ಮೇಲೆ ಹೇಳಿದ 16 ಪಟ್ಟಿನ ಲೆಕ್ಕ ಇಲ್ಲಿ ಕೆಲಸ ಮಾಡುತ್ತದೆ. ಹುಳು ಕೊರೆದ ಒಂದು ತೂತು ಸಾವಿರಾರು ಜೇಡಿ ಸಂದುಗಳಿಗಿಂತ ಹೆಚ್ಚು ನೀರು ಇಳಿಸುತ್ತದೆ.

ಮಣ್ಣನ್ನು ಪುಡಿ ಮಾಡುವ ಟ್ರ್ಯಾಕ್ಟರ್ ಉಪಕರಣ ರೋಟವೇಟರ್ ಹೊಡೆದ ನೆಲ ನೋಡಲು ಚೆಂದ. ಉತ್ತ ನಂತರದ ಮೊದಲ ಮಳೆ ಚೆನ್ನಾಗಿಯೇ ಇಂಗುತ್ತದೆ. ಆದರೆ ಪದೇಪದೇ ಪುಡಿ ಮಾಡಿದ ಮಣ್ಣು ಬೇಗ ಹಕ್ಕಳೆ ಕಟ್ಟುತ್ತದೆ, ಹುಳುಗಳ ದಾರಿಯೂ ಹಾಳು. ಹಸಿ ನೆಲದ ಮೇಲೆ ಟ್ರ್ಯಾಕ್ಟರ್ ಓಡಿಸುವುದು, ದನಗಳನ್ನು ಬಿಡುವುದು ಇನ್ನೂ ಕೆಟ್ಟದ್ದು. ಒದ್ದೆ ಜೇಡಿ ಅದುಮಿದಷ್ಟೂ ಅದುಮಿಕೊಳ್ಳುತ್ತದೆ.

ಇದರಿಂದ ಎಷ್ಟು ನಷ್ಟ ಅಂತ ನೋಡಿ. ಗಂಟೆಗೆ 5 ಮಿ.ಮೀ. ಇಂಗಿಸುವ ನೆಲದ ಮೇಲೆ ಒಂದು ಗಂಟೆಯಲ್ಲಿ 40 ಮಿ.ಮೀ. ಮಳೆ ಬಂತು ಅಂದುಕೊಳ್ಳಿ. 35 ಮಿ.ಮೀ. ಹೊರಗೆ ಹೋಯಿತು. ಒಂದು ಎಕರೆಗೆ ಅದು ಸುಮಾರು 1.4 ಲಕ್ಷ ಲೀಟರ್. ಮೇಲ್ಮಣ್ಣು ಹೋಗಿದ್ದು ಬೇರೆ.

ನಿಮ್ಮ ನೆಲವನ್ನು ನೀವೇ ಅಳೆಯಬಹುದು. ಎರಡೂ ಕಡೆ ಬಾಯಿ ತೆರೆದ, 15 ಸೆಂ.ಮೀ. ಅಗಲದ ಪೈಪಿನ ತುಂಡನ್ನು ನೆಲಕ್ಕೆ ನಾಲ್ಕೈದು ಬೆರಳು ಆಳ ಬಡಿದು ಇಳಿಸಿ. 440 ಮಿ.ಲೀ. ನೀರು ನಿಧಾನಕ್ಕೆ ಹಾಕಿ. ಅದು 25 ಮಿ.ಮೀ. ಮಳೆಗೆ ಸಮ. ಇಂಗಿದ ಮೇಲೆ ಅಷ್ಟೇ ನೀರು ಮತ್ತೆ ಹಾಕಿ, ಈ ಎರಡನೇ ಸಲದ ಸಮಯ ಬರೆದಿಟ್ಟುಕೊಳ್ಳಿ. ಮೊದಲ ಸಲ ಒಣ ಮಣ್ಣು ಆಸೆಯಿಂದ ಕುಡಿಯುತ್ತದೆ, ಅದನ್ನು ನಂಬಬೇಡಿ. ಪೈಪಿನ ಕೆಳಗೆ ನೀರು ಪಕ್ಕಕ್ಕೂ ಸರಿಯುವುದರಿಂದ ಲೆಕ್ಕ ಕರಾರುವಾಕ್ಕಾಗಿ ಸಿಗುವುದಿಲ್ಲ, ಆದರೆ ಹೊಲವನ್ನೂ ತೋಪನ್ನೂ ಹೋಲಿಸಲು ಧಾರಾಳ ಸಾಕು.

ವ್ಯತ್ಯಾಸ ದೊಡ್ಡದಿದ್ದರೆ ಬೆಳೆಯ ಕಸವನ್ನು ಸುಡದೆ ನೆಲಕ್ಕೆ ಹೊದಿಸಿ, ಉಳುಮೆ ಕಡಿಮೆ ಮಾಡಿ. ಹೊದಿಕೆ ಹಾಕಿದ ಮೊದಲ ಮಳೆಗಾಲದಲ್ಲೇ ಹಕ್ಕಳೆ ಕಮ್ಮಿಯಾಗುತ್ತದೆ. ಹುಳುಗಳು ಮರಳಿ ಬರಲು ವರ್ಷಗಳೇ ಬೇಕು. ಇಷ್ಟಾದರೂ ನೀರು ನಿಲ್ಲುತ್ತಿದ್ದರೆ ಹದವಿರುವಾಗ ಕಬ್ಬಿಣದ ಸರಳು ಚುಚ್ಚಿ ನೋಡಿ. ಒಂದು ಗೇಣಿನ ಆಸುಪಾಸಿನಲ್ಲಿ ತಡೆದು ನಿಂತರೆ, ವರ್ಷವರ್ಷವೂ ಒಂದೇ ಆಳಕ್ಕೆ ಉತ್ತು ಅಲ್ಲಿ ಗಟ್ಟಿ ಪದರ ಕಟ್ಟಿರಬಹುದು. ಅದನ್ನು ಮಣ್ಣು ಒಣಗಿದಾಗ ಆಳ ನೇಗಿಲಿನಿಂದ ಒಮ್ಮೆ ಒಡೆದು, ತಕ್ಷಣ ತೊಗರಿಯಂಥ ಆಳ ಬೇರಿನ ಬೆಳೆ ಹಾಕಿ.