ಗುರಿ ಮೂತಿ ಕೆಳಗೆ ಮರೆಯಾದ್ಮೇಲೆ ಗುಂಡು ಹಾರಿಸ್ತಿದ್ದ ಪೈಲಟ್

ಲಗೋರಿ ಆಡಿ ಬೆಳೆದವರಿಗೆ ಇದು ಗೊತ್ತೇ ಇರುತ್ತೆ, ಓಡ್ತಿರೋ ಹುಡುಗನ ಬೆನ್ನಿಗೇ ಗುರಿ ಇಟ್ಟು ಚೆಂಡು ಎಸೆದ್ರೆ ಅದು ಅವನ ಹಿಂದೆ ಹೋಗಿ ಬೀಳುತ್ತೆ, ಇನ್ನೊಂದು ಕ್ಷಣಕ್ಕೆ ಅವನು ಎಲ್ಲಿರ್ತಾನೋ ಅಲ್ಲಿಗೆ ಎಸೀಬೇಕು. ಎರಡನೇ ಮಹಾಯುದ್ಧದ ಫೈಟರ್ ಪೈಲಟ್‌ಗಳ ತಲೆನೋವೂ ಇದೇ.

ಒಂದು ಲೆಕ್ಕ ಹಾಕೋಣ. ಬ್ರಿಟಿಷರ ಹರಿಕೇನ್ ವಿಮಾನ ಗಂಟೆಗೆ 400 ಕಿಮೀ ವೇಗದಲ್ಲಿ ನಿಮ್ಮೆದುರು ಅಡ್ಡ ಹೋಗ್ತಿದೆ ಅಂದ್ಕೊಳ್ಳಿ, ಅಂದ್ರೆ ಸೆಕೆಂಡಿಗೆ 111 ಮೀಟರ್. ನಿಮ್ಮ ಗುಂಡಿನ ವೇಗ ಸೆಕೆಂಡಿಗೆ ಸುಮಾರು 700 ಮೀಟರ್, ದೂರ 200 ಮೀಟರ್. ಗುಂಡು ತಲುಪೋಕೆ ಕಾಲು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು, ಅಷ್ಟರಲ್ಲಿ ಆ ವಿಮಾನ 30 ಮೀಟರ್ ಮುಂದೆ ಹೋಗಿರುತ್ತೆ. ಹರಿಕೇನ್ ಉದ್ದ ಹತ್ತು ಮೀಟರೂ ಇಲ್ಲ, ಅಂದ್ರೆ ಮೂರು ವಿಮಾನದಷ್ಟು ಮುಂದೆ ಖಾಲಿ ಆಕಾಶಕ್ಕೆ ಗುಂಡು ಹೊಡೀಬೇಕು. ಇದಕ್ಕೆ ಡಿಫ್ಲೆಕ್ಷನ್ ಶೂಟಿಂಗ್ ಅಂತಾರೆ. ಹೆಚ್ಚಿನ ಪೈಲಟ್‌ಗಳು ಈ ಉಸಾಬರಿನೇ ಬೇಡ ಅಂತ ಶತ್ರುವಿನ ಹಿಂದೆ ಹೋಗಿ ನೇರವಾಗಿ ಹೊಡೀತಿದ್ರು.

ಬರ್ಲಿನ್‌ನಲ್ಲಿ 1919ರಲ್ಲಿ ಹುಟ್ಟಿದ ಜರ್ಮನ್ ಪೈಲಟ್ ಹಾನ್ಸ್-ಯೋವಾಖಿಮ್ ಮಾರ್ಸೇಯ್ ಹಾಗಲ್ಲ. ಶುರುವಲ್ಲಿ ಅವನನ್ನ ನೋಡಿ ಯಾರೂ ದೊಡ್ಡ ಪೈಲಟ್ ಆಗ್ತಾನೆ ಅಂದಿರ್ಲಿಕ್ಕಿಲ್ಲ. 1940ರಲ್ಲಿ ಇಂಗ್ಲೆಂಡ್ ಮೇಲೆ ಏಳು ವಿಮಾನ ಬೀಳಿಸಿದೆ ಅಂತ ಬರೆಸಿದ, ಜೊತೆಗೆ ತನ್ನ ವಿಮಾನಗಳನ್ನೂ ಹಲವು ಸಲ ಕಳ್ಕೊಂಡ. ಶಿಸ್ತು ಇಲ್ಲ, ಜಾಝ್ ಹುಚ್ಚು ಬೇರೆ, ಕೊನೆಗೆ ಕಮಾಂಡರ್ ಸ್ಟೈನ್‌ಹಾಫ್ ಬೇಸತ್ತು ತನ್ನ ತುಕಡಿಯಿಂದ ಆಚೆ ಕಳ್ಸಿದ. 1941ರಲ್ಲಿ ಉತ್ತರ ಆಫ್ರಿಕಾದ ಮರುಭೂಮಿಗೆ ಬಂದ.

ಅಲ್ಲಿ ಒಂದೇ ಸಮ ಪ್ರಾಕ್ಟೀಸ್ ಮಾಡಿದ, ವಾಪಸ್ ಬರುವಾಗ ಜೊತೆಗಾರರ ವಿಮಾನಗಳ ಮೇಲೇ ಸುಳ್ಳು ದಾಳಿ ಮಾಡಿ ಕೋನ ಕಲೀತಿದ್ದ. ಬ್ರಿಟಿಷ್ ಕಡೆಯವರು ಅಪಾಯ ಬಂದಾಗ ಒಬ್ಬರ ಬಾಲ ಒಬ್ಬರು ಕಾಯ್ತಾ ವೃತ್ತವಾಗಿ ಸುತ್ತೋರು, ಇವನು ಆ ವೃತ್ತದೊಳಗೇ ನುಗ್ತಿದ್ದ, ಅದೂ ಥ್ರಾಟಲ್ ಇಳಿಸಿ (ಎಂಜಿನ್ ಶಕ್ತಿ ಕಮ್ಮಿ ಮಾಡಿ), ರೆಕ್ಕೆಯ ಹಿಂಭಾಗದ ಫ್ಲಾಪ್ ಅನ್ನೋ ಪಟ್ಟಿಗಳನ್ನ ಕೆಳಗೆ ಬಿಟ್ಟು. ಯುದ್ಧದಲ್ಲಿ ಯಾರಾದ್ರೂ ಸ್ಪೀಡ್ ಕಮ್ಮಿ ಮಾಡ್ತಾರಾ ಅನ್ಸುತ್ತೆ ಅಲ್ವಾ? ಆದ್ರೆ ಅಷ್ಟೇ ಜಿ ಬಲದಲ್ಲಿ (ತಿರುವಲ್ಲಿ ಮೈಮೇಲೆ ಬೀಳೋ ಒತ್ತಡ) ತಿರುಗಿದ್ರೆ ವೃತ್ತದ ತ್ರಿಜ್ಯ ವೇಗದ ವರ್ಗದ ಲೆಕ್ಕದಲ್ಲಿ ಇಳಿಯುತ್ತೆ, ವೇಗ ಅರ್ಧ ಆದ್ರೆ ತ್ರಿಜ್ಯ ಕಾಲು ಭಾಗ. ತೊಂದ್ರೆ ಏನಂದ್ರೆ ನಿಧಾನ ಆದಷ್ಟೂ ರೆಕ್ಕೆ ಎತ್ತೋ ಬಲ ಕಮ್ಮಿಯಾಗಿ ವಿಮಾನ ಸ್ಟಾಲ್ ಆಗಬಹುದು, ಅಂದ್ರೆ ಹಿಡಿತ ತಪ್ಪಿ ಕುಸೀಬಹುದು, ಅಲ್ಲಿ ಅವನ ವಿಮಾನ ಬಿಎಫ್ 109ರ ರೆಕ್ಕೆಯ ಮುಂಭಾಗದ ಸ್ಲ್ಯಾಟ್ ಅನ್ನೋ ಪಟ್ಟಿಗಳು ತಾವೇ ತೆರ್ಕೊಂಡು ಸ್ವಲ್ಪ ಕಾಪಾಡೋವು. ಇಷ್ಟು ಬಿಗಿಯಾಗಿ ತಿರುಗ್ತಾ ಮುಂದಕ್ಕೆ ಗುರಿ ಇಟ್ಟಾಗ ಶತ್ರು ವಿಮಾನ ತನ್ನದೇ ವಿಮಾನದ ಮೂತಿ ಕೆಳಗೆ ಮರೆಯಾಗುತ್ತೆ, ಮಾರ್ಸೇಯ್ ಟ್ರಿಗರ್ ಒತ್ತೋದು ಆಗಲೇ. ಪೂರ್ತಿ ಅಂದಾಜು. ಒಂದು ವಿಮಾನಕ್ಕೆ ಸರಾಸರಿ 15 ಗುಂಡು ಸಾಕಾಗ್ತಿತ್ತು ಅಂತಾರೆ.

ಬೀಳಿಸಿದ ವಿಮಾನ ಅಂತ ಅವನ ಹೆಸರಲ್ಲಿರೋ ಲೆಕ್ಕ 158. 1942ರ ಸೆಪ್ಟೆಂಬರ್ 1ರಂದು ಒಂದೇ ದಿನ 17 ಅಂತ ಬರೆಸಿದ, ಅದರಲ್ಲಿ ಎಷ್ಟು ನಿಜ ಅನ್ನೋ ಜಗಳ ಇನ್ನೂ ಮುಗಿದಿಲ್ಲ. ನಾಝಿ ಪ್ರಚಾರದವರಿಗಂತೂ ಸಿನಿಮಾ ಹೀರೋ ಥರದ ಹುಡುಗ ಸಿಕ್ಕಿದ್ದ, ಹೀಗಾಗಿ ಅವನ ಬಗ್ಗೆ ಇರೋ ರಮ್ಯ ಕಥೆಗಳನ್ನ ನಾನಂತೂ ಸ್ವಲ್ಪ ಉಪ್ಪು ಖಾರ ತೆಗೆದೇ ಓದ್ತೀನಿ. ಅವನು ಹಾರ್ತಿದ್ದ ಈಜಿಪ್ಟ್‌ನ ಅಲ್ ಅಲಮೈನ್‌ನ ನೆಲದಲ್ಲಿ ಬ್ರಿಟಿಷರ ಪರ ಭಾರತೀಯ ಸೈನಿಕರೂ ಇದ್ರು.

ಸೆಪ್ಟೆಂಬರ್ 30ರಂದು ಬಿಎಫ್ 109ರ ಹೊಸ ಮಾದರಿ ಜಿ-2ರಲ್ಲಿ ವಾಪಸ್ ಬರ್ತಿದ್ದಾಗ ಎಂಜಿನ್ ಕೆಟ್ಟು ಕಾಕ್‌ಪಿಟ್ ಪೂರ್ತಿ ಹೊಗೆ. ಏನೂ ಕಾಣ್ತಿಲ್ಲ, ಪಕ್ಕದ ಪೈಲಟ್‌ಗಳು ರೇಡಿಯೋದಲ್ಲಿ ಎಡ ಬಲ ಹೇಳ್ತಾ ಕರ್ಕೊಂಡು ಬಂದ್ರು. ಕಣ್ಣು ಕೆಲಸ ಮಾಡದಿದ್ರೆ ಕಿವಿಯೊಳಗಿನ ದ್ರವ ಹೇಳೋ ಸಮತೋಲನವನ್ನಷ್ಟೇ ಮೆದುಳು ನಂಬಬೇಕು, ಅದು ಹಾರಾಟದಲ್ಲಿ ಸುಲಭವಾಗಿ ಮೋಸ ಮಾಡುತ್ತೆ. ತಮ್ಮ ಕಡೆಯ ನೆಲ ಬಂತು ಅಂತ ಗೊತ್ತಾದ್ಮೇಲೆ ವಿಮಾನ ತಲೆಕೆಳಗು ಮಾಡಿ ಹೊರಗೆ ಜಿಗಿದ, ಆದ್ರೆ ಅದು ಅಷ್ಟರಲ್ಲಿ ಕಡಿದಾಗಿ ಕೆಳಗೆ ಧುಮುಕ್ತಿತ್ತು. ಬಾಲದ ರೆಕ್ಕೆ ಎದೆಗೆ ಬಡೀತು, ಪ್ಯಾರಾಶೂಟ್ ಬಿಚ್ಚಲೇ ಇಲ್ಲ. ವಯಸ್ಸು 22. ಅವತ್ತು ಶತ್ರು ವಿಮಾನ ಒಂದೂ ಎದುರಾಗಿರ್ಲಿಲ್ಲ, ತನಿಖೆಯಲ್ಲಿ ಸಿಕ್ಕಿದ್ದು ಎಂಜಿನ್‌ನ ಗೇರ್ ಹಾಳಾಗಿ ಸೋರಿದ ಆಯಿಲ್ ಹತ್ತಿಕೊಂಡ ಗುರುತು.