ಬಾಟಲಿಯ ಮೇಲಿನ ಹೆಸರು ಯಾರ ಸೊತ್ತು?

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ ಕಡೆಯ ಸಣ್ಣ ತೆಂಗಿನೆಣ್ಣೆ ಕಂಪನಿಗಳ ಲೆಕ್ಕಪುಸ್ತಕದಲ್ಲಿ ಗಾಣಕ್ಕೆ ಬೆಲೆ ಇದೆ, ಡ್ರೈಯರಿಗೆ ಬೆಲೆ ಇದೆ. ಗಿರಾಕಿ ಕೇಳಿ ಕೊಳ್ಳುವ ಹೆಸರಿಗೆ ಮಾತ್ರ ಇಲ್ಲ. ತಾನೇ ಬೆಳೆಸಿದ ಬ್ರ್ಯಾಂಡನ್ನು ಆಸ್ತಿಯೆಂದು ತೋರಿಸಲು ಲೆಕ್ಕಪತ್ರದ ನಿಯಮ ಬಿಡುವುದಿಲ್ಲ. ಹಾಗಾಗಿ ಬೇರೆಯೇ ಒಂದು ಪುಸ್ತಕ ಇಡಬೇಕು: ಹೆಸರು, ಲೇಬಲ್, ತಯಾರಿಕೆಯ ಕ್ರಮ, ಪ್ರತಿಯೊಂದರ ಮಾಲೀಕರು ಯಾರು, ಕಾಗದ ಎಲ್ಲಿದೆ, ಅವಧಿ ಯಾವಾಗ ಮುಗಿಯುತ್ತದೆ.

ಹೆಚ್ಚಿನವರು ಎಡವುವುದು ಲೇಬಲಿನಲ್ಲಿ. ಡಿಟಿಪಿ ಅಂಗಡಿಯವರು ಹಣ ಪಡೆದು ಬಿಡಿಸಿಕೊಟ್ಟ ಲೇಬಲ್ ವಿನ್ಯಾಸದ ಕೃತಿಸ್ವಾಮ್ಯ (ಕಾಪಿರೈಟ್), ಬೇರೆ ಒಪ್ಪಂದ ಇಲ್ಲದಿದ್ದರೆ, ಸಾಮಾನ್ಯವಾಗಿ ಬಿಡಿಸಿದವರದೇ. ಬಿಲ್ ಇದ್ದರೆ ಸಾಲದು, ಸಹಿ ಹಾಕಿದ ವರ್ಗಾವಣೆ ಪತ್ರ ಬೇಕು. ಅದರಲ್ಲಿ ಅವಧಿ ಬರೆಯದಿದ್ದರೆ ಕಾನೂನು 5 ವರ್ಷ ಎಂದೇ ತಿಳಿಯುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಗಲ್ಫಿಗೆ ಮಾಲು ಕಳಿಸುವವರು ಈ ಎರಡು ಸಾಲನ್ನು ಮರೆಯಲೇಬಾರದು.

ಹೆಸರಿನ ವಿಷಯ. ‘ಕಾಸರಗೋಡು ಶುದ್ಧ ಎಣ್ಣೆ’ಯಂಥದ್ದು ಊರನ್ನೂ ಗುಣವನ್ನೂ ಹೇಳುತ್ತದೆ ಅಷ್ಟೆ, ಅದಕ್ಕೆ ಟ್ರೇಡ್‌ಮಾರ್ಕ್, ಅಂದರೆ ಹೆಸರು ನಿಮ್ಮದೇ ಎಂಬ ನೋಂದಣಿ, ಸಿಗುವುದು ಕಷ್ಟ. ಈ ನೋಂದಣಿ ಸರಕಿನ ವರ್ಗದ ಪ್ರಕಾರ ನಡೆಯುತ್ತದೆ: ಅಡುಗೆ ಎಣ್ಣೆ 29ನೇ ವರ್ಗ, ತಲೆಗೆ ಹಚ್ಚುವ ಎಣ್ಣೆ 3ನೇ ವರ್ಗ. ಎರಡನ್ನೂ ಮಾರುವುದಾದರೆ ಎರಡಕ್ಕೂ ಶುಲ್ಕ. ಆನ್‌ಲೈನಿನಲ್ಲಿ ಒಂದು ವರ್ಗಕ್ಕೆ ವ್ಯಕ್ತಿಗೂ ಸಣ್ಣ ಉದ್ಯಮಕ್ಕೂ 4,500 ರೂಪಾಯಿ, ಉಳಿದವರಿಗೆ 9,000. ನಮ್ಮ ಕಡೆಯ ಅರ್ಜಿ ಚೆನ್ನೈ ಕಚೇರಿಗೆ ಸೇರುತ್ತದೆ. ಕನ್ನಡ ಅಥವಾ ಮಲಯಾಳ ಲಿಪಿಯ ಹೆಸರಾದರೆ ಲಿಪ್ಯಂತರವನ್ನೂ ಅರ್ಥವನ್ನೂ ಜೊತೆಗೆ ಕೊಡಬೇಕು. ಕಚೇರಿ ಅರ್ಜಿಯನ್ನು ನೋಡಿ ಕಳಿಸುವ ಪರೀಕ್ಷಾ ವರದಿಗೆ ಉತ್ತರಿಸಲು 30 ದಿನ, ಅರ್ಜಿ ಟ್ರೇಡ್‌ಮಾರ್ಕ್ ಜರ್ನಲಿನಲ್ಲಿ ಪ್ರಕಟವಾದ ಮೇಲೆ ಬೇರೆಯವರ ಆಕ್ಷೇಪಕ್ಕೆ 4 ತಿಂಗಳು. ನೋಂದಣಿ 10 ವರ್ಷ, ಆಮೇಲೆ ನವೀಕರಣ. ನೋಂದಣಿಗೆ ಮೊದಲೇ ವೃತ್ತದೊಳಗಿನ ‘ಆರ್’ ಗುರುತು ಅಚ್ಚು ಹಾಕಿಸುವುದು ಶಿಕ್ಷಾರ್ಹ. ಅರ್ಜಿ ಯಜಮಾನರ ಸ್ವಂತ ಹೆಸರಲ್ಲಿದ್ದು ಕಂಪನಿ ಆಮೇಲೆ ಹುಟ್ಟಿದ್ದರೆ ಹಕ್ಕನ್ನು ಬರಹದಲ್ಲಿ ಕಂಪನಿಗೆ ವರ್ಗಾಯಿಸಿ ದಾಖಲೆಯಲ್ಲಿ ಸೇರಿಸಿ. ಇದಿಲ್ಲದೆ ಪಾಲುದಾರರು ಬಂದಾಗ ಕಂಪನಿಯ ಕೈಯಲ್ಲಿ ಹೆಸರೇ ಇರುವುದಿಲ್ಲ.

ಕೊಬ್ಬರಿಯನ್ನು ಯಾವ ಶಾಖದಲ್ಲಿ, ಎಷ್ಟು ಹೊತ್ತು ಒಣಗಿಸಿ 6 ಶೇಕಡಾ ತೇವಕ್ಕೆ ತರುತ್ತೀರಿ ಎಂಬುದು ಗುಟ್ಟಿನ ಸೊತ್ತು. ಅದು ಒಬ್ಬ ಕೆಲಸಗಾರರ ತಲೆಯಲ್ಲಷ್ಟೇ ಇದ್ದರೆ ಅವರು ಬಿಟ್ಟುಹೋದ ದಿನ ಕಂಪನಿಯದಲ್ಲ. ಬರೆದಿಡಿ, ಗೌಪ್ಯತೆಯ ಕರಾರು ಮಾಡಿಸಿ. ನಿಜಕ್ಕೂ ಹೊಸ ಯಂತ್ರ ಕಂಡುಹಿಡಿದಿದ್ದರೆ ಪೇಟೆಂಟ್ ಅರ್ಜಿ ಹಾಕದೆ ಯಾರಿಗೂ ತೋರಿಸಬೇಡಿ. ಬಹಿರಂಗವಾದರೆ ಹೊಸತನವೇ ಹೋಯಿತು.

ಹೆಸರು ಹಣ ತರುವುದು ಅದನ್ನು ಬಳಸಲು ಬೇರೆಯವರಿಗೆ ಕೊಡುವ ಪರವಾನಗಿಯಲ್ಲಿ. ಬೇರೆ ಊರಿನವರು ನಿಮ್ಮ ಹೆಸರಲ್ಲಿ ತುಂಬಿ ಮಾರುವುದಾದರೆ ರಾಯಲ್ಟಿ (ಹೆಸರು ಬಳಸಿದ್ದಕ್ಕೆ ಅವರು ಕೊಡುವ ಹಣ) ಯಾವ ಬೆಲೆಯ ಮೇಲೆ, ತೆರಿಗೆ ಕಳೆದೋ ಸೇರಿಸಿಯೋ, ಪ್ರತಿ ಬ್ಯಾಚಿನ ಮಾದರಿ ಪರೀಕ್ಷಿಸುವವರು ಯಾರು ಎಂದು ಬರೆಸಿ. ಕರಾರು ಮುಗಿದ ಮೇಲೆ ಅಚ್ಚಾಗಿ ಉಳಿದ ಲೇಬಲುಗಳನ್ನು ಎಷ್ಟು ದಿನದೊಳಗೆ ಮರಳಿಸಬೇಕು ಎಂಬುದನ್ನೂ ಬರೆಸಿ. ಜಗಳ ಹುಟ್ಟುವುದು ಆ ಕಟ್ಟುಗಳಿಂದಲೇ.