ಅಲುಗದ ದೇಹ, ಉಸಿರಾಡಬೇಕಾದ ಶ್ವಾಸಕೋಶ

ಕೋಲಾರದ ಐಸಿಯುವೊಂದರಲ್ಲಿ ವೆಂಟಿಲೇಟರ್ ಮೇಲಿರುವ ತಮ್ಮವರು ಬೆರಳನ್ನೂ ಅಲುಗಿಸದೆ ಮಲಗಿರುವುದನ್ನು ಕಂಡಾಗ, ಶ್ರೀನಿವಾಸಪುರದಿಂದಲೋ ಮುಳಬಾಗಿಲಿನಿಂದಲೋ ಬಂದ ಮನೆಯವರು ಮೊದಲು ಕೇಳುವುದು, "ನಿನ್ನೆ ಕೈ ಆಡಿಸ್ತಿದ್ರಲ್ಲ ಸಾರ್, ಇವತ್ತು ಯಾಕೆ ಹಿಂಗೆ?" ಎಂದು. ಎಷ್ಟೋ ಸಲ ಆ ನಿಶ್ಚಲತೆಗೆ ಕಾರಣ ರೋಗವಲ್ಲ, ಸ್ನಾಯುಗಳನ್ನು ಸ್ವಲ್ಪ ಕಾಲ ನಿಶ್ಚಲಗೊಳಿಸಲು ವೈದ್ಯರೇ ಕೊಟ್ಟ ಔಷಧ.

ಈ ಔಷಧಗಳ ಮೂಲ ದಕ್ಷಿಣ ಅಮೆರಿಕದ ಬೇಟೆಗಾರರು ಬಾಣಕ್ಕೆ ಸವರುತ್ತಿದ್ದ ಕ್ಯುರಾರೆ ಎಂಬ ವಿಷ. ನರದ ಆಜ್ಞೆ ಸ್ನಾಯುವಿಗೆ ದಾಟುವ ಜಾಗದಲ್ಲೇ ಅದು ಅಡ್ಡಿಯಾಗುತ್ತದೆಂಬುದನ್ನು 19ನೇ ಶತಮಾನದಲ್ಲಿ ಫ್ರಾನ್ಸ್‌ನ ಶರೀರವಿಜ್ಞಾನಿ ಕ್ಲೋದ್ ಬರ್ನಾರ್ ತೋರಿಸಿದರು. 1942ರಲ್ಲಿ ಕೆನಡಾದ ಮಾಂಟ್ರಿಯಲ್‌ನ ವೈದ್ಯರಾದ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಅದನ್ನು ಶಸ್ತ್ರಚಿಕಿತ್ಸೆಯ ಅರಿವಳಿಕೆಗೆ ಜೊತೆಯಾಗಿಸಿದರು. ಆದರೆ ಅದು ಪ್ರಜ್ಞೆಯನ್ನು ಮುಟ್ಟುವುದಿಲ್ಲ. ಸ್ಕಾಟ್ ಸ್ಮಿತ್ ಎಂಬ ವೈದ್ಯರು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡು, ಪೂರ್ತಿ ನಿಶ್ಚಲರಾಗಿದ್ದಾಗಲೂ ಎಲ್ಲವೂ ಅರಿವಿಗೆ ಬರುತ್ತಿತ್ತೆಂದು 1947ರಲ್ಲಿ ವರದಿ ಮಾಡಿದರು. ಆದ್ದರಿಂದಲೇ, ಗಾಢ ನಿದ್ರೆಯ ಔಷಧವಿಲ್ಲದೆ ಇದನ್ನು ಕೊಡುವುದು ಕ್ರೌರ್ಯವೆಂದು ನಾನು ಭಾವಿಸುತ್ತೇನೆ.

ಎಆರ್‌ಡಿಎಸ್ ಎಂಬ ತೀವ್ರ ಶ್ವಾಸಕೋಶ ವೈಫಲ್ಯವನ್ನು ವೈದ್ಯಲೋಕ ಗುರುತಿಸಿದ್ದು 1967ರಲ್ಲಿ. ನ್ಯುಮೋನಿಯಾದಿಂದಲೋ ನಂಜಿನಿಂದಲೋ ನೀರು ತುಂಬಿ ಬಿಗಿದ ಶ್ವಾಸಕೋಶಕ್ಕೆ ಹೆಚ್ಚು ಗಾಳಿ ನುಗ್ಗಿಸಿದರೆ ಅದಕ್ಕೆ ಇನ್ನಷ್ಟು ಹಾನಿಯಾಗುತ್ತದೆ. ಪ್ರತಿ ಉಸಿರಿಗೂ ದೇಹತೂಕದ ಅಂದಾಜಿನಂತೆ ಕಿಲೋಗೆ 12 ಮಿ.ಲೀ. ಗಾಳಿಯ ಬದಲು 6 ಮಿ.ಲೀ. ಕೊಟ್ಟರೆ ಸಾವು ಕಡಿಮೆಯೆಂದು 2000ದ ಅಮೆರಿಕದ ಅಧ್ಯಯನ ತೋರಿಸಿತು. ಆದರೆ ಉಸಿರಿಗಾಗಿ ತಹತಹಿಸುವ ರೋಗಿ ಯಂತ್ರದ ಜೊತೆ ಹೋರಾಡಿದರೆ ಆ ಮಿತಿ ನಿಲ್ಲುವುದಿಲ್ಲ; ಸ್ನಾಯುಗಳನ್ನೇ ಸುಮ್ಮನಾಗಿಸುವ ಯೋಚನೆಗೆ ಬಲ ಬಂದದ್ದು ಇಲ್ಲಿಂದ.

ಫ್ರಾನ್ಸ್‌ನಲ್ಲಿ 340 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 48 ಗಂಟೆ ಸಿಸಾಟ್ರಾಕ್ಯೂರಿಯಂ ಎಂಬ ಇಂಥದೇ ಔಷಧ ಪಡೆದ ಎಆರ್‌ಡಿಎಸ್ ರೋಗಿಗಳಲ್ಲಿ 90 ದಿನಗಳೊಳಗಿನ ಸಾವು ಶೇ 31.6, ಪಡೆಯದವರಲ್ಲಿ ಶೇ 40.7. ರೋಗದ ತೀವ್ರತೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲಷ್ಟೇ ಈ ಅಂತರ ಗಟ್ಟಿಯಾಯಿತು ಎಂಬುದನ್ನು ಆಗಿನ ಉತ್ಸಾಹದಲ್ಲಿ ಹಲವರು ಮರೆತರು. 2019ರಲ್ಲಿ ಅಮೆರಿಕದ 1,006 ರೋಗಿಗಳ ಅಧ್ಯಯನದಲ್ಲಿ ಆ ಸಾವಿನ ಪ್ರಮಾಣ ಔಷಧ ಪಡೆದವರಲ್ಲಿ ಶೇ 42.5, ಹೋಲಿಕೆಯ ಗುಂಪಿನಲ್ಲಿ ಶೇ 42.8, ಅಂದರೆ ವ್ಯತ್ಯಾಸವೇ ಇಲ್ಲ. ಇಲ್ಲಿ ಔಷಧ ಬದಲಾಗಿರಲಿಲ್ಲ, ಹೋಲಿಕೆ ಬದಲಾಗಿತ್ತು: ಫ್ರಾನ್ಸ್‌ನಲ್ಲಿ ಎರಡೂ ಗುಂಪುಗಳನ್ನು ಗಾಢ ನಿದ್ರೆಯಲ್ಲಿಟ್ಟಿದ್ದರು, ಅಮೆರಿಕದಲ್ಲಿ ಹೋಲಿಕೆಯ ಗುಂಪಿಗೆ ಹಗುರ ಮಂಪರು ಮಾತ್ರ.

ಹೀಗಾಗಿ ಇಂದು ಇದು ಎಲ್ಲರಿಗೂ ಕೊಡುವ ಔಷಧವಲ್ಲ. ಯಂತ್ರದೊಂದಿಗೆ ಉಸಿರು ಹೊಂದದವರಿಗೆ, ಕೆಲವೊಮ್ಮೆ ಬೋರಲು ಮಲಗಿಸಿದವರಿಗೆ, ಸಾಧ್ಯವಾದಷ್ಟು ಕಡಿಮೆ ಹೊತ್ತು ಕೊಡುತ್ತಾರೆ. ಔಷಧದ ಹಿಡಿತದಲ್ಲಿ ರೆಪ್ಪೆಯೂ ಮಿಟುಕುವುದಿಲ್ಲವಾದ್ದರಿಂದ ಕಣ್ಣು ಒಣಗದಂತೆ ನರ್ಸ್‌ಗಳು ಮುಲಾಮು ಹಚ್ಚುತ್ತಾರೆ. ಹೊರಗೆ ಕಾದು ಒಳಗೆ ಬಂದ ಮನೆಯವರಿಗೆ ಆ ತೇವ ಕಣ್ಣೀರಿನಂತೆಯೇ ಕಾಣುತ್ತದೆ. ಅದು ಏನೆಂದು ಅವರಿಗೆ ಮೊದಲೇ ತಿಳಿಸಬೇಕು.